ರಾಜ್ಯೋತ್ಸವದ ಕನ್ನಡವೂ ಟಿ.ಸಿ. ಇಲ್ಲದ ಮಕ್ಕಳೂ

ಗೋವೆಯ ಕನ್ನಡ ಪಾಲಕ ಬಂಧುಗಳೇ,

ನವೆಂಬರ್ ಸಮೀಪಿಸಿತೆಂದರೆ ನಮ್ಮಲ್ಲಿ ಸ್ವಯಂಸೇವಕರಿಗೆ ಕೊರತೆಯಿಲ್ಲ. ಪೆಂಡಾಲಿಗೆ ಜನವುಂಟು, ಊಟದ ಪಂಕ್ತಿಗೆ ಜನವುಂಟು, ಅತಿಥಿಗಳನ್ನು ವಾಸ್ಕೋ ನಿಲ್ದಾಣದಿಂದ ಕರೆತರಲು ಜನವುಂಟು. ಅದೇ ವಾರ ಝುವಾರಿನಗರದ ಅಥವಾ ಬೈನಾದ ಒಂದು ಮಗುವನ್ನು ಶಾಲೆಯ ಕಚೇರಿಗೆ ಕರೆದೊಯ್ಯಿರಿ ಎಂದರೆ ಎಲ್ಲರಿಗೂ ಬೇರೆ ಕೆಲಸ ನೆನಪಾಗುತ್ತದೆ.

ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬರುವವರು ಶಾಲೆಯ ವರ್ಷ ನೋಡಿಕೊಂಡು ಬರುವುದಿಲ್ಲ. ಹಲವರು ಸುಗ್ಗಿ ಮುಗಿಸಿ ಬರುತ್ತಾರೆ, ಮಳೆ ಹಿಡಿದರೆ ಊರಿಗೆ ಮರಳುತ್ತಾರೆ. ಕಚೇರಿಯಲ್ಲಿ ಮೊದಲ ಪ್ರಶ್ನೆ: ‘ಟಿ.ಸಿ. ಎಲ್ಲಿ?’ ತಾಯಿಗೆ ಕೊಂಕಣಿಯೂ ಬಾರದು, ಮರಾಠಿಯೂ ಬಾರದು. ದಿನಗೂಲಿ ಬಿಟ್ಟು ಎರಡನೆಯ ಸಲ ಬರಲಾರಳು. ಮಗು ಮರಳಿನ ರಾಶಿಯ ಬಳಿ ತಂಗಿಯನ್ನು ಆಡಿಸುತ್ತ ಉಳಿಯುತ್ತದೆ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮು ಸ್ಪಷ್ಟವಾಗಿದೆ: ಬೇರೆ ರಾಜ್ಯದಿಂದ ಬಂದ ಮಗುವಾದರೂ, ಟಿ.ಸಿ. ತಡವಾಯಿತೆಂದು ಸರಕಾರಿ, ಅನುದಾನಿತ ಶಾಲೆಗಳು ಪ್ರವೇಶ ನಿರಾಕರಿಸಕೂಡದು, ವಿಳಂಬಿಸಲೂಕೂಡದು. ವಯಸ್ಸಿನ ದಾಖಲೆ ಇಲ್ಲವೆಂದು ಹಿಂದೆ ಕಳುಹಿಸುವುದನ್ನು 14ನೆಯ ಕಲಮು ತಡೆಯುತ್ತದೆ. ಓದು ತಪ್ಪಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕೆಂಬುದು 4ನೆಯದು.

ಇದನ್ನು ಪರರ ಮೇಲೆ ಹೊರಿಸಿ ನಾನು ಪಾರಾಗಲಾರೆ. ‘ಟಿ.ಸಿ. ತಂದ ಮೇಲೆ ನೋಡೋಣ’ ಎಂದು ಮುಖ್ಯೋಪಾಧ್ಯಾಯನ ಕುರ್ಚಿಯಿಂದ ನಾನೇ ಒಬ್ಬ ತಾಯಿಯನ್ನು ಹಿಂದೆ ಕಳುಹಿಸಿದ್ದೇನೆ. ಕಾಯ್ದೆಯ ಪುಸ್ತಕ ನನ್ನ ಮೇಜಿನ ಖಾನೆಯಲ್ಲಿಯೇ ಇತ್ತು. ಆಕೆ ಮತ್ತೆ ಬರಲಿಲ್ಲ. ಅಂದು ಓದುಬಲ್ಲ ಕನ್ನಡಿಗನೊಬ್ಬ ಆಕೆಯ ಪಕ್ಕದಲ್ಲಿ ನಿಂತು, ‘ಸರ್, 5ನೆಯ ಕಲಮು ಏನು ಹೇಳುತ್ತದೆ?’ ಎಂದು ಕೇಳಿದ್ದರೆ ನನಗೆ ಗತ್ಯಂತರವಿರುತ್ತಿರಲಿಲ್ಲ.

ನೀವು ನಿಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದ್ದನ್ನು ನಾನು ದೂರುವುದಿಲ್ಲ. ಮಾಧ್ಯಮದ ಆಯ್ಕೆ ಪಾಲಕರದೆಂದು ಸುಪ್ರೀಂ ಕೋರ್ಟೇ 2014ರಲ್ಲಿ ಹೇಳಿದೆ. ಆದರೆ ಸ್ವಂತ ಮಕ್ಕಳನ್ನು ಅಲ್ಲಿ ಬಿಟ್ಟು, ಕನ್ನಡ ಶಾಲೆ ಉಳಿಸಿರೆಂದು ಸರಕಾರಕ್ಕೆ ಮನವಿಪತ್ರ ಕೊಡುವುದಷ್ಟೇ ಸೇವೆಯೆಂದರೆ ಒಪ್ಪಲಾರೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಮಕ್ಕಳಿಗಾಗಿ ಯಾವ ಸರಕಾರ ತರಗತಿ ತೆರೆದೀತು? ನೋಟ್‌ಪುಸ್ತಕ ಹಂಚಿ ಫೋಟೋ ತೆಗೆಸುವುದೂ ಹೀಗೆಯೇ. ಶಾಲೆಗೇ ಸೇರದ ಮಗು ಅದರಲ್ಲಿ ಏನು ಬರೆಯಬೇಕು? (ಸೇರಿದ ಮಗುವಿಗೆ ಸಂಜೆ ನಾಲ್ಕು ಮಾತು ಕೊಂಕಣಿ ಕಲಿಸುವುದೂ ಕನ್ನಡದ ಕೆಲಸವೇ, ಸಿಟ್ಟಾಗುವವರು ಆಗಲಿ.)

ದೀಪಾವಳಿಯ ನಂತರ ಕುಟುಂಬಗಳು ಬರತೊಡಗುತ್ತವೆ. ವಾರಕ್ಕೊಂದು ಬೆಳಿಗ್ಗೆ ಕೊಡಬಲ್ಲವರು ನನಗೆ ತಿಳಿಸಿ. ಮೂರು ಕಲಮುಗಳ ಕನ್ನಡ ಸಾರವನ್ನೂ ಇಂಗ್ಲಿಷ್ ಪಾಠವನ್ನೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಡುತ್ತೇನೆ. ಮೊದಲ ಸೋಮವಾರ ಝುವಾರಿನಗರಕ್ಕೆ ನಾನೇ ಬರುತ್ತೇನೆ.