ಹೊರಡೆನ್ನುವ ಸರಕಾರ ಕಾರಣವನ್ನೂ ಹೇಳಲಿ

ಪರದೇಶದವನನ್ನು ತನ್ನ ನೆಲದಿಂದ ಹೊರಗೆ ಕಳುಹಿಸುವ ಅಧಿಕಾರ ಪ್ರತಿಯೊಂದು ಸರಕಾರಕ್ಕೂ ಉಂಟು. ಇದರಲ್ಲಿ ವಿವಾದವಿಲ್ಲ. ಆ ಅಧಿಕಾರವನ್ನು ಚಲಾಯಿಸುವ ಅಧಿಕಾರಿ ಯಾರಿಗೂ ಉತ್ತರ ಹೇಳಬೇಕಾಗಿಲ್ಲವೇ ಎಂಬುದೇ ವಿವಾದದ ವಿಷಯ. ಅನ್ಯದೇಶೀಯನಿಗೆ ಇಲ್ಲಿ ನೆಲೆಸುವ ಹಕ್ಕೇ ಇಲ್ಲವೆಂದ ಮೇಲೆ ನ್ಯಾಯಾಲಯಕ್ಕೆ ನಡುವೆ ಏನು ಕೆಲಸವೆಂದು ಕೇಳುವವರಿದ್ದಾರೆ. ಅವರ ವಾದ ಕೇಳುವುದಕ್ಕೆ ಸರಳವಾಗಿದೆ. ಅದರ ಫಲವೇನೆಂದು ತಿಳಿಯಬೇಕಾದರೆ ಕೇರಳದ ಎರಡು ನಗರಗಳಲ್ಲಿ ನಡೆದುದನ್ನು ನೆನೆಯಬೇಕು.

2019ರ ಡಿಸೆಂಬರ್ ತಿಂಗಳಲ್ಲಿ ಪೌರತ್ವ ತಿದ್ದುಪಡಿ ಕಾಯಿದೆಯ ವಿರುದ್ಧ ಕೊಚ್ಚಿಯಲ್ಲಿ ನಡೆದ ಮೆರವಣಿಗೆಯೊಂದರಲ್ಲಿ ನಾರ್ವೆ ದೇಶದ ವೃದ್ಧ ಪ್ರವಾಸಿ ಮಹಿಳೆಯೊಬ್ಬರು ಹೆಜ್ಜೆ ಹಾಕಿದರು. ಕೆಲವೇ ದಿನಗಳಲ್ಲಿ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯವರು ಅವರನ್ನು ವಿಚಾರಿಸಿ, ವೀಸಾ ನಿಯಮದ ಉಲ್ಲಂಘನೆಯಾಗಿದೆಯೆಂದು ಹೇಳಿ, ದೇಶ ಬಿಡುವಂತೆ ಸೂಚಿಸಿದರು. ತಾನು ವಿವರಣೆ ಕೇಳಿದಾಗ, ಬರವಣಿಗೆಯಲ್ಲಿ ಏನನ್ನೂ ಕೊಡಲಾಗುವುದಿಲ್ಲವೆಂಬ ಉತ್ತರ ಬಂದಿತೆಂದು ಆಕೆ ಬಹಿರಂಗವಾಗಿಯೇ ತಿಳಿಸಿದರು. ಬರಹದಲ್ಲಿ ಆಜ್ಞೆಯೇ ಇಲ್ಲದ ಮೇಲೆ ಪ್ರಶ್ನಿಸುವುದು ಯಾವುದನ್ನು? ಕೇರಳದ ಹೈಕೋರ್ಟು ಇರುವುದು ಅದೇ ಕೊಚ್ಚಿಯಲ್ಲಿ. ಆದರೆ ಆ ಮಹಿಳೆ ಹೋದದ್ದು ವಿಮಾನ ನಿಲ್ದಾಣಕ್ಕೆ.

ಇದರ ಬೆನ್ನಿಗೇ ಕೋಲ್ಕತ್ತದಲ್ಲಿ ಇಂಥದೇ ಇನ್ನೊಂದು ಪ್ರಕರಣ ನಡೆಯಿತು. ಜಾದವಪುರ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಪೋಲೆಂಡಿನ ವಿದ್ಯಾರ್ಥಿಗೆ, ಅಂಥದೇ ಪ್ರತಿಭಟನೆಯಲ್ಲಿ ಭಾಗವಹಿಸಿದನೆಂಬ ಕಾರಣಕ್ಕೆ, 2020ರ ಫೆಬ್ರವರಿ 14ರ ದಿನಾಂಕದ ನೋಟಿಸು ಬಂದಿತು. ವ್ಯತ್ಯಾಸ ಒಂದೇ: ಅವನ ಕೈಯಲ್ಲಿ ಕಾಗದವಿತ್ತು. ಅದನ್ನು ಹಿಡಿದು ಅವನು ಕಲ್ಕತ್ತಾ ಹೈಕೋರ್ಟಿನ ಮೆಟ್ಟಿಲು ಹತ್ತಿದ. ಮಾರ್ಚ್ 18ರಂದು ನ್ಯಾಯಾಲಯ ಆ ನೋಟಿಸನ್ನು ರದ್ದುಗೊಳಿಸಿತು. ಒಬ್ಬರು ಹೊರಟುಹೋದರು, ಇನ್ನೊಬ್ಬ ಉಳಿದುಕೊಂಡ. ಇಬ್ಬರ ಮೇಲಿನ ದೂರು ಒಂದೇ ಬಗೆಯದು, ಕಾನೂನೂ ಒಂದೇ. ಹಾಗಿದ್ದೂ ಫಲ ಬೇರೆಯಾದದ್ದು ನ್ಯಾಯಾಲಯದ ಬಾಗಿಲು ಒಬ್ಬನಿಗೆ ಎಟುಕಿ ಇನ್ನೊಬ್ಬರಿಗೆ ಎಟುಕದಿದ್ದುದರಿಂದ.

ಸರಕಾರದ ಪರ ವಾದಿಸುವವರು 1955ರ ಹಾನ್ಸ್ ಮುಲ್ಲರ್ ಮೊಕದ್ದಮೆಯನ್ನು ಮುಂದಿಡುತ್ತಾರೆ. ವಿದೇಶಿಯನ್ನು ಹೊರಹಾಕುವ ಅಧಿಕಾರಕ್ಕೆ ಸಂವಿಧಾನದಲ್ಲಿ ಮಿತಿಯಿಲ್ಲವೆಂದು ಸುಪ್ರೀಂ ಕೋರ್ಟು ಅಂದು ಹೇಳಿದ್ದು ನಿಜ. ಆದರೆ ಕಾನೂನು ಅಲ್ಲಿಗೇ ನಿಂತಿಲ್ಲ. 1978ರ ಮೇನಕಾ ಗಾಂಧಿ ತೀರ್ಪು, ವ್ಯಕ್ತಿಯ ಸ್ವಾತಂತ್ರ್ಯವನ್ನು ಕಸಿಯುವ ಕ್ರಮ ನ್ಯಾಯಯುತವೂ ವಿವೇಚನಾಯುಕ್ತವೂ ಆಗಿರಬೇಕೆಂದು ಸಾರಿತು. ಸಂವಿಧಾನದ 14 ಮತ್ತು 21ನೆಯ ವಿಧಿಗಳು ಹೇಳುವುದು ವ್ಯಕ್ತಿಯನ್ನು ಕುರಿತು, ಪೌರನನ್ನು ಮಾತ್ರ ಕುರಿತಲ್ಲ. ಬೆಲ್ಜಿಯಂ ದೇಶದ ಪಾದ್ರಿಯೊಬ್ಬರಿಗೆ ಸಂಬಂಧಿಸಿದ 1991ರ ತೀರ್ಪಿನಲ್ಲಿ, ವಿದೇಶಿಗೆ ಇಲ್ಲಿ ನೆಲೆಸುವ ಮೂಲಭೂತ ಹಕ್ಕಿಲ್ಲವೆಂದ ಅದೇ ನ್ಯಾಯಾಲಯ, 21ನೆಯ ವಿಧಿಯ ರಕ್ಷಣೆ ಅವನಿಗೂ ಉಂಟೆಂದು ಒಪ್ಪಿತು. 2021ರ ಏಪ್ರಿಲ್ 8ರಂದು ರೋಹಿಂಗ್ಯಾಗಳ ಗಡೀಪಾರಿಗೆ ತಡೆ ಕೊಡಲು ನಿರಾಕರಿಸಿದ ಆದೇಶದಲ್ಲಿಯೂ, ನಿಗದಿತ ಕ್ರಮವನ್ನು ಅನುಸರಿಸದೆ ಯಾರನ್ನೂ ಕಳುಹಿಸಕೂಡದೆಂಬ ಮಾತಿದೆ. ಎಂದರೆ, ಯಾರು ಇರಬೇಕು, ಯಾರು ಹೋಗಬೇಕು ಎಂಬ ನಿರ್ಧಾರ ಸರಕಾರದ್ದು. ನಿರ್ಧಾರಕ್ಕೆ ಬಂದ ದಾರಿ ಸರಿಯೇ ಎಂಬ ಪರೀಕ್ಷೆ ನ್ಯಾಯಾಲಯದ್ದು. ಈ ಎರಡನ್ನು ಕಲಸಿ ಒಂದೇ ಮಾಡುವುದರಿಂದಲೇ ಗೊಂದಲ ಹುಟ್ಟುತ್ತದೆ.

ಪರೀಕ್ಷೆಯಿಲ್ಲದ ಅಧಿಕಾರ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ತಿರುವನಂತಪುರವೇ ಸಾಕ್ಷಿ. 1994ರ ಅಕ್ಟೋಬರ್ 20ರಂದು ಅಲ್ಲಿ ಮಾಲ್ಡೀವ್ಸಿನ ಮಹಿಳೆಯೊಬ್ಬರು ಬಂಧಿತರಾದದ್ದು ವೀಸಾ ಅವಧಿ ಮೀರಿ ತಂಗಿದ ಆರೋಪದ ಮೇಲೆ. ಬೇರೇನೂ ಇಲ್ಲದಿದ್ದರೆ ಮನೆಗೆ ಕಳುಹಿಸಿಬಿಟ್ಟರೆ ಮುಗಿಯುವ ವಿಷಯ ಅದು. ಮುಂದಿನ ತಿಂಗಳು ಅದೇ ಇಸ್ರೋ ಬೇಹುಗಾರಿಕೆಯ ಮೊಕದ್ದಮೆಯಾಗಿ ಬೆಳೆಯಿತು. ಇಬ್ಬರು ಮಾಲ್ಡೀವ್ಸ್ ಮಹಿಳೆಯರು, ಇಬ್ಬರು ವಿಜ್ಞಾನಿಗಳು, ಬೆಂಗಳೂರಿನ ಉದ್ಯಮಿ ಕೆ. ಚಂದ್ರಶೇಖರ್ ಸೇರಿದಂತೆ ಆರು ಮಂದಿ ಆರೋಪಿಗಳಾದರು. ತನಿಖೆ ನಡೆಸಿದ ಸಿಬಿಐ ಆರೋಪಗಳಲ್ಲಿ ಹುರುಳಿಲ್ಲವೆಂದು 1996ರಲ್ಲಿ ವರದಿ ಕೊಟ್ಟಿತು. ಎರ್ನಾಕುಳಂನ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಅದನ್ನು ಅಂಗೀಕರಿಸಿತು. ಆದರೂ ತಿರುವನಂತಪುರದ ಸರಕಾರ ಮರುತನಿಖೆಗೆ ಆದೇಶಿಸಿತು. ಕೊಚ್ಚಿಯ ಹೈಕೋರ್ಟು ಕೂಡ ಆ ಆದೇಶವನ್ನು ಎತ್ತಿಹಿಡಿಯಿತು. ನ್ಯಾಯಾಲಯಗಳೂ ಎಡವುತ್ತವೆ ಎಂಬುದನ್ನು ಇಲ್ಲಿ ಮರೆಮಾಚಬೇಕಾಗಿಲ್ಲ. ಕಡೆಗೆ 1998ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟು ಮರುತನಿಖೆಯನ್ನು ರದ್ದುಗೊಳಿಸಿತು. ಆ ತೀರ್ಪಿಗೆ ಅಂಟಿಕೊಂಡಿರುವ ಹೆಸರು ಚಂದ್ರಶೇಖರ್ ಅವರದು. 2018ರ ಸೆಪ್ಟೆಂಬರ್ 14ರಂದು ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿತು. ಅದೇ ತಿಂಗಳು ಚಂದ್ರಶೇಖರ್ ಬೆಂಗಳೂರಿನಲ್ಲಿ ತೀರಿಕೊಂಡರು.

ಹೋಗೆನ್ನುವ ಅಧಿಕಾರ ಮತ್ತು ಹೋಗಗೊಡದ ಅಧಿಕಾರ ಒಂದೇ ಬೇರಿನಿಂದ ಹುಟ್ಟಿದವು. ಪರದೇಶದವಳೊಬ್ಬಳ ಮೇಲೆ ಅಂಕೆಯಿಲ್ಲದೆ ಹರಿದ ಅಧಿಕಾರ ಅಲ್ಲಿಗೇ ನಿಲ್ಲಲಿಲ್ಲ, ಈ ದೇಶದ ಪೌರರ ಮನೆಬಾಗಿಲಿಗೂ ಬಂದಿತು. ಪರರ ಪಾಡು ನಮಗೇಕೆ ಎನ್ನುವವರು ಗಮನಿಸಬೇಕಾದ ಪಾಠ ಇದು.

ಯಾರು ಪರರು ಎಂಬುದಾದರೂ ಅಷ್ಟು ಸ್ಪಷ್ಟವೇ? ಹೊಟ್ಟೆಪಾಡಿಗಾಗಿ ಕರಾಚಿಗೆ ಹೋಗಿ, ಅಲ್ಲಿಯ ಪಾಸ್‌ಪೋರ್ಟು ಪಡೆದು, ಹುಟ್ಟಿದೂರಿಗೆ ಮರಳಿ ಬಂದು, ಬಾಳೆಲ್ಲ ಪಾಕಿಸ್ತಾನಿಯೆನಿಸಿಕೊಂಡೇ ಮುದುಕರಾದ ಮಲಬಾರಿನ ಜನರ ಕತೆ ಕೇರಳಕ್ಕೆ ಹೊಸತಲ್ಲ. 2025ರ ಏಪ್ರಿಲ್ ತಿಂಗಳಲ್ಲಿ ಪಹಲ್ಗಾಮಿನ ಹತ್ಯಾಕಾಂಡದ ನಂತರ ಅಂಥ ಕೆಲವರಿಗೆ ಕಲ್ಲಿಕೋಟೆ ಜಿಲ್ಲೆಯ ಪೊಲೀಸರು ದೇಶ ಬಿಡುವ ನೋಟಿಸು ಕೊಟ್ಟು ಬಳಿಕ ಹಿಂದಕ್ಕೆ ಪಡೆದರು. ಅದೇ ದಿನಗಳಲ್ಲಿ ಶ್ರೀನಗರದ ಕುಟುಂಬವೊಂದನ್ನು ಪಾಕಿಸ್ತಾನಕ್ಕೆ ಕಳುಹಿಸುವ ಸಿದ್ಧತೆ ನಡೆಯಿತು. ಆ ಮನೆಯ ಮಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದವನು. ತಮ್ಮ ಬಳಿ ಭಾರತದ ಪಾಸ್‌ಪೋರ್ಟು, ಆಧಾರ್ ಇವೆಯೆಂಬುದು ಅವರ ವಾದ. ದಾಖಲೆಗಳನ್ನು ಪರಿಶೀಲಿಸಿ ತೀರ್ಮಾನಿಸುವವರೆಗೆ ಬಲವಂತದ ಕ್ರಮ ಕೂಡದೆಂದು ಮೇ 2ರಂದು ಸುಪ್ರೀಂ ಕೋರ್ಟು ಹೇಳಬೇಕಾಯಿತು. ಮೊದಲು ದಾಖಲೆ ನೋಡಿ, ಆಮೇಲೆ ಕಳುಹಿಸಿ ಎಂಬಷ್ಟು ಸರಳವಾದ ಮಾತನ್ನೂ ನ್ಯಾಯಾಲಯವೇ ಹೇಳಬೇಕಾದರೆ, ನ್ಯಾಯಾಲಯ ಬೇಡವೆನ್ನುವುದು ಹೇಗೆ? 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯಿದೆಯಲ್ಲಿಯೂ, 1946ರ ಕಾಯಿದೆಯಲ್ಲಿದ್ದಂತೆಯೇ, ತಾನು ವಿದೇಶಿಯಲ್ಲವೆಂದು ಸಿದ್ಧಪಡಿಸುವ ಹೊಣೆ ವ್ಯಕ್ತಿಯ ಮೇಲೆಯೇ ಇದೆ. ಹೊಣೆಯನ್ನು ಹೊರಿಸಿದ ಮೇಲೆ, ಅದನ್ನು ನಿರ್ವಹಿಸುವ ಅವಕಾಶವನ್ನಾದರೂ ಕೊಡಬೇಡವೇ?

ಕೇರಳ ಸರಕಾರವೂ ಇಲ್ಲಿ ನಿರ್ಲಿಪ್ತವಾಗಿರಲಾರದು. ಕೊಚ್ಚಿಯ ಆ ಮಹಿಳೆಯನ್ನು ಕಳುಹಿಸಿದ್ದು ಕೇಂದ್ರದ ಕಚೇರಿ, ನಿಜ. ಆದರೆ ವಿದೇಶಿಯರನ್ನು ಗುರುತಿಸಿ ಹೊರಕಳುಹಿಸುವ ಅಧಿಕಾರವನ್ನು ಕೇಂದ್ರವು 258ನೆಯ ವಿಧಿಯಡಿ ರಾಜ್ಯಗಳಿಗೂ 1958ರಲ್ಲಿಯೇ ವಹಿಸಿಕೊಟ್ಟಿದೆ. 2019ರ ಡಿಸೆಂಬರ್ 31ರಂದು ತಿರುವನಂತಪುರದ ವಿಧಾನಸಭೆ ಪೌರತ್ವ ಕಾಯಿದೆಯ ವಿರುದ್ಧ ನಿರ್ಣಯ ಕೈಗೊಂಡಿತು. ಅದೇ ಕಾಯಿದೆಯನ್ನು ವಿರೋಧಿಸಿ ನಡೆದವರೊಬ್ಬರನ್ನು ಕಾಗದವಿಲ್ಲದೆ ಕಳುಹಿಸಿದ್ದು ಅದಕ್ಕೆ ಕೆಲವೇ ದಿನಗಳ ಹಿಂದೆ. ನಿರ್ಣಯಗಳಿಗಿಂತ ಹೆಚ್ಚಾಗಿ ಬೇಕಿರುವುದು, ರಾಜ್ಯದ ಪೊಲೀಸರು ಕಾರಣ ಬರೆಯದ ನೋಟಿಸನ್ನು ಯಾರ ಕೈಗೂ ಕೊಡಬಾರದೆಂಬ ಒಂದು ಆಜ್ಞೆ.

ದೇಶದ ಭದ್ರತೆಯ ಮಾತು ಎತ್ತುವವರ ಆತಂಕ ಸುಳ್ಳಲ್ಲ. ಅಪಾಯಕಾರಿಯಾದವನನ್ನು ಇಟ್ಟುಕೊಳ್ಳಬೇಕೆಂದು ಯಾರೂ ಹೇಳುವುದಿಲ್ಲ. ಗೋಪ್ಯ ವಿಷಯವಿದ್ದರೆ ಮುಚ್ಚಿದ ಲಕೋಟೆಯಲ್ಲಿಟ್ಟು ನ್ಯಾಯಾಧೀಶರಿಗೆ ತೋರಿಸುವ ರೂಢಿ ಇದ್ದೇ ಇದೆ. ಅದೂ ಸಾಲದೆ, ನ್ಯಾಯಾಧೀಶರಿಗೂ ತೋರಿಸಲಾರೆವೆಂದರೆ, ಮುಚ್ಚಿಟ್ಟದ್ದು ಭದ್ರತೆಯ ಗುಟ್ಟೋ ಕಾರಣದ ಅಭಾವವೋ ಎಂದು ಸಂಶಯಪಡಲೇಬೇಕಾಗುತ್ತದೆ.

ವಸ್ತುವಿಗೆ ಹಲವು ಮುಖಗಳುಂಟೆಂದು ಅನೇಕಾಂತದಿಂದ ಕಲಿತ ಸಮುದಾಯಕ್ಕೆ, ಒಂದು ಪಕ್ಷದ ಮಾತನ್ನಷ್ಟೇ ಕೇಳಿ ಕೊಡುವ ತೀರ್ಮಾನ ಏಕಾಂತವೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಂದು ಎಷ್ಟೋ ಕನ್ನಡ ಜೈನ ಕುಟುಂಬಗಳು ತಾವೇ ಪರದೇಶಗಳಲ್ಲಿ ವೀಸಾದ ದಿನಗಳನ್ನು ಎಣಿಸುತ್ತ ಬಾಳುತ್ತಿವೆ. 2025ರ ಏಪ್ರಿಲ್ 7ರಂದು ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ, ಬೇರೆ ವಿಷಯಗಳಲ್ಲಿ ಭಿನ್ನಮತವಿದ್ದರೂ, ಹೊರಹಾಕುವ ಮೊದಲು ನೋಟಿಸು ಕೊಟ್ಟು ಪ್ರಶ್ನಿಸುವ ಅವಕಾಶ ನೀಡಬೇಕೆಂಬುದರಲ್ಲಿ ಒಂಬತ್ತೂ ನ್ಯಾಯಾಧೀಶರು ಒಮ್ಮತಕ್ಕೆ ಬಂದರು. ಅಲ್ಲಿ ತಮ್ಮ ಮಕ್ಕಳಿಗೆ ಬೇಕೆನಿಸುವ ಈ ರಕ್ಷಣೆಯನ್ನು ಇಲ್ಲಿ ಬಂದವರಿಗೆ ಬೇಡವೆನ್ನುವುದು ನ್ಯಾಯವಲ್ಲ.

ಬೇಡಿಕೆ ದೊಡ್ಡದೇನೂ ಅಲ್ಲ. ಹೊರಡೆನ್ನುವ ಆಜ್ಞೆ ಬರವಣಿಗೆಯಲ್ಲಿರಬೇಕು, ಅದರಲ್ಲಿ ಕಾರಣವಿರಬೇಕು, ವಕೀಲರನ್ನು ಕಾಣುವಷ್ಟು ದಿನಗಳ ಗಡುವಿರಬೇಕು, ಅರ್ಜಿ ಹೈಕೋರ್ಟಿನ ಮುಂದಿರುವಾಗ ಯಾರನ್ನೂ ವಿಮಾನ ಹತ್ತಿಸಕೂಡದು. ಈ ನಾಲ್ಕನ್ನು ಕಾಯಿದೆಯೊಳಗೇ ಬರೆದರೆ ಸರಕಾರದ ಅಧಿಕಾರ ಕಿಂಚಿತ್ತೂ ಕುಂದುವುದಿಲ್ಲ. ಕಾರಣವಿದ್ದವನಿಗೆ ಕಾರಣ ಹೇಳುವುದು ಎಂದೂ ಹೊರೆಯಲ್ಲ.