ಒಂದು ಕಂಪ್ಯೂಟರಿಗೆ ಎರಡು ಎಸ್.ಎಂ.ಪಿ.ಎಸ್. ಏಕೆ?

ಗೋಡೆಯಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಕೊಡುವ ತಗಡಿನ ಪೆಟ್ಟಿಗೆಯೊಂದು ಪ್ರತಿ ಕಂಪ್ಯೂಟರಿನಲ್ಲಿಯೂ ಉಂಟಷ್ಟೆ. ಅಂಗಡಿಯವರು ಅದನ್ನು ಎಸ್.ಎಂ.ಪಿ.ಎಸ್. ಎನ್ನುತ್ತಾರೆ. ದೊಡ್ಡ ಗ್ರಾಫಿಕ್ಸ್ ಕಾರ್ಡೊಂದನ್ನು ಕೊಂಡು ತಂದ ಗೆಳೆಯನು, ಅದರ ಹಸಿವಿಗೆ ಇದ್ದ ಪೆಟ್ಟಿಗೆ ಸಾಲದೆಂದು ಕಂಡಕೂಡಲೆ ಗುಜರಿಯಿಂದ ಇನ್ನೊಂದನ್ನು ತಂದು ಪಕ್ಕಕ್ಕೆ ಹೂಡುತ್ತಾನೆ. ಒಂದರ ಜೊತೆಗೆ ಇನ್ನೊಂದು ಸೇರಿದರೆ ಬಲ ಇಮ್ಮಡಿಯಾಯಿತೆಂಬುದು ಅವನ ಲೆಕ್ಕ. ಈ ಲೆಕ್ಕ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಕಲಾ ವಿಭಾಗದವನಿಗೆ ಈ ಗೊಡವೆ ಏಕೆಂದು ವಿಜ್ಞಾನದ ಮಿತ್ರರು ಕೇಳಬಹುದು. ನಾನು ಅರ್ಥಶಾಸ್ತ್ರ ಓದುವವನು; ದುಡ್ಡು ಪೋಲಾಗುವ ಕಡೆಯಲ್ಲೆಲ್ಲ ಬಾಯಿ ಹಾಕುವುದು ನಮ್ಮ ಶಾಸ್ತ್ರದ ಹಕ್ಕು.

ಈ ಪದ್ಧತಿಯನ್ನು ಬಹುವಾಗಿ ಹಬ್ಬಿಸಿದವರು ಈಥೀರಿಯಮ್ ಎಂಬ ಡಿಜಿಟಲ್ ನಾಣ್ಯವನ್ನು ‘ಗಣಿ’ಯಿಂದ ತೆಗೆಯುತ್ತಿದ್ದವರು. ಮರದ ಚೌಕಟ್ಟಿನ ಮೇಲೆ ಆರೆಂಟು ಕಾರ್ಡುಗಳನ್ನು ನೇತುಹಾಕಿ, ಎರಡು ಮೂರು ಎಸ್.ಎಂ.ಪಿ.ಎಸ್.ಗಳಿಂದ ಅವಕ್ಕೆ ಹಗಲೂ ರಾತ್ರಿಯೂ ವಿದ್ಯುತ್ತನ್ನು ಉಣಿಸುತ್ತಿದ್ದರು. 2022ರ ಸೆಪ್ಟೆಂಬರ್ 15ರಂದು ಆ ನಾಣ್ಯದ ವ್ಯವಸ್ಥೆಯೇ ಬದಲಾಗಿ, ಕಾರ್ಡುಗಳಿಂದ ಅದನ್ನು ಗಳಿಸುವ ಮಾರ್ಗ ಮುಚ್ಚಿತು. ದುಡಿದು ದಣಿದ ಕಾರ್ಡುಗಳು ಅಗ್ಗದ ಬೆಲೆಗೆ ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದವು. ಅವುಗಳ ಹಿಂದೆಯೇ ಆ ಜೋಡಣೆಯ ಚಾಳಿಯೂ ಬಂದಿತು.

ಇನ್ನೊಂದು ಕಾರಣವನ್ನು ನಮ್ಮವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಎರಡು ಎಸ್.ಎಂ.ಪಿ.ಎಸ್. ಇರಲೆಂಬ ಬುದ್ಧಿವಾದ ಬಹುಮಟ್ಟಿಗೆ ಅಮೆರಿಕದಿಂದ ಬಂದದ್ದು. ಅಲ್ಲಿನ ಮನೆಗಳ ಸಾಧಾರಣ ಸಾಕೆಟ್ಟು 120 ವೋಲ್ಟಿನದು. 15 ಆಂಪಿಯರಿನ ಲೈನಿನಲ್ಲಿ 1800 ವ್ಯಾಟ್ ದೊರೆತರೂ, ಗಂಟೆಗಟ್ಟಲೆ ಎಳೆಯುವ ಕೆಲಸಕ್ಕೆ ಅದರ ಶೇಕಡ 80ನ್ನು, ಎಂದರೆ 1440 ವ್ಯಾಟನ್ನು ಮೀರಬಾರದೆಂದು ನಿಯಮ. ಆದಕಾರಣ ಅವರು ಎರಡು ಪೆಟ್ಟಿಗೆಗಳನ್ನಿಟ್ಟು ಎರಡು ಬೇರೆ ಲೈನುಗಳಿಗೆ ಸಿಕ್ಕಿಸುತ್ತಾರೆ. ಅವರಿಗೆ ಅದು ಅನಿವಾರ್ಯ. ನಮ್ಮಲ್ಲಿಯೋ, ಗೀಸರಿಗೆ ಹಾಕುವ 16 ಆಂಪಿಯರಿನ ಸಾಕೆಟ್ಟು 230 ವೋಲ್ಟಿನಲ್ಲಿ 3680 ವ್ಯಾಟನ್ನು ತಾಳಬಲ್ಲದು. 1600 ವ್ಯಾಟಿನ ಒಂದೇ ದೊಡ್ಡ ಪೆಟ್ಟಿಗೆಗೆ ಅದು ಧಾರಾಳವಾಗಿ ಸಾಕು. ಇಲ್ಲದ ರೋಗಕ್ಕೆ ಪರಊರಿನ ಔಷಧವೇಕೆ? ತಮಾಷೆಯೆಂದರೆ, ನಮ್ಮ ಗೆಳೆಯರು ಎರಡು ಪೆಟ್ಟಿಗೆಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ, ಆ ಬೋರ್ಡನ್ನು 6 ಆಂಪಿಯರಿನ ಸಾಕೆಟ್ಟಿಗೆ ಸಿಕ್ಕಿಸುತ್ತಾರೆ. ಅದರ ಶಕ್ತಿ 1380 ವ್ಯಾಟ್ ಮಾತ್ರ. ಪೆಟ್ಟಿಗೆ ಎರಡಾದರೂ ಬಾಯಿ ಒಂದೇ.

ಬಲದ ಮಾತಿಗೆ ಬರೋಣ. ಎರಡೆತ್ತುಗಳನ್ನು ಒಂದು ನೊಗಕ್ಕೆ ಕಟ್ಟಿದರೆ ಭಾರ ತಾನಾಗಿ ಸಮವಾಗಿ ಹಂಚಿಹೋಗುವುದೆ? ಹೂಡಿ ನೋಡಿದವರು ಬಲ್ಲರು. 12 ವೋಲ್ಟೆಂದು ಬರೆದಿದ್ದರೂ ಪೆಟ್ಟಿಗೆಯೊಂದು 11.4ರಿಂದ 12.6ರವರೆಗೆ ಎಷ್ಟನ್ನಾದರೂ ಕೊಡಬಹುದು. ಎರಡು ಪೆಟ್ಟಿಗೆಗಳ 12 ವೋಲ್ಟಿನ ತಂತಿಗಳನ್ನು ಒಂದುಗೂಡಿಸಿದರೆ, ತುಸು ಹೆಚ್ಚು ಕೊಡುವುದು ಭಾರವನ್ನೆಲ್ಲ ತಾನೇ ಹೊತ್ತು ಏದುಸಿರು ಬಿಡುತ್ತದೆ. ಇನ್ನೊಂದು ಸುಮ್ಮನೆ ಜೊತೆಗೆ ನಡೆಯುತ್ತದೆ. ಈ ಕಾರಣದಿಂದಲೇ ಬಲ್ಲವರು ತಂತಿಗಳನ್ನು ಬೆಸೆಯದೆ, ಮದರ್‌ಬೋರ್ಡಿಗೂ ಪ್ರೊಸೆಸರಿಗೂ ಒಂದು, ಕಾರ್ಡಿನ ತಲೆಯ ಮೇಲಿನ ಪ್ಲಗ್ಗುಗಳಿಗೆ ಇನ್ನೊಂದು ಎಂದು ಕೆಲಸವನ್ನು ಪಾಲು ಮಾಡುತ್ತಾರೆ.

ಹಾಗೆ ಪಾಲು ಮಾಡಿದರೂ “ಒಂದು ಕೆಟ್ಟರೆ ಇನ್ನೊಂದಿದೆ” ಎಂಬ ಧೈರ್ಯ ಶುದ್ಧ ಭ್ರಮೆ. ಬ್ಯಾಂಕು, ರೈಲ್ವೆಗಳ ಸರ್ವರುಗಳಲ್ಲಿ ಎರಡು ಪೆಟ್ಟಿಗೆಗಳಿರುವುದು ನಿಜ. ಆದರೆ ಅಲ್ಲಿ ಒಂದೊಂದೂ ಇಡೀ ಯಂತ್ರವನ್ನು ಒಂಟಿಯಾಗಿ ಹೊರಬಲ್ಲದು; ಭಾರವನ್ನು ಹಂಚಿಕೊಳ್ಳುವ ಉಪಾಯವನ್ನು ತಯಾರಕರು ಒಳಗೇ ಇಟ್ಟಿರುತ್ತಾರೆ; ಒಂದು ಸತ್ತರೆ, ಯಂತ್ರವನ್ನು ನಿಲ್ಲಿಸದೆ ಅದನ್ನು ಎಳೆದು ಹೊಸದನ್ನು ತುರುಕಬಹುದು. ನಮ್ಮ ಗೆಳೆಯನ ಜೋಡಣೆಯಲ್ಲಿ ಯಾವುದು ಕೆಟ್ಟರೂ ಕೆಲಸ ನಿಂತೇಹೋಗುತ್ತದೆ. ಎಂದ ಮೇಲೆ ಅವನು ಹೆಚ್ಚಿಸಿಕೊಂಡದ್ದು ಭದ್ರತೆಯನ್ನಲ್ಲ, ಕೆಡುವ ಅವಕಾಶವನ್ನು.

ಎಲ್ಲಕ್ಕಿಂತ ನನಗೆ ಅಂಜಿಕೆ ಹುಟ್ಟಿಸುವುದು ಪೇಪರ್ ಕ್ಲಿಪ್ಪು. 1995ರಲ್ಲಿ ಇಂಟೆಲ್ ಸಂಸ್ಥೆ ರೂಪಿಸಿದ ಎ.ಟಿ.ಎಕ್ಸ್. ಪದ್ಧತಿಯಲ್ಲಿ, ದೊಡ್ಡ ಪ್ಲಗ್ಗಿನ ಹಸಿರು ತಂತಿಯನ್ನು ಕಪ್ಪು ತಂತಿಗೆ ತಾಗಿಸಿದರೆ ಪೆಟ್ಟಿಗೆ ಚಾಲೂ ಆಗುತ್ತದೆ. ಎರಡನೆಯ ಪೆಟ್ಟಿಗೆಗೆ ಮದರ್‌ಬೋರ್ಡಿನ ಅಪ್ಪಣೆ ಸಿಗದ ಕಾರಣ, ಕಾಗದಕ್ಕೆ ಹಾಕುವ ಕ್ಲಿಪ್ಪನ್ನೇ ಬಾಗಿಸಿ ಆ ತೂತುಗಳಿಗೆ ಸಿಕ್ಕಿಸುತ್ತಾರೆ. ಅಲ್ಲಿಗೆ ಅದಕ್ಕೆ ಹಗಲಿರುಳೆಂಬುದಿಲ್ಲ: ಕಂಪ್ಯೂಟರು ಮಲಗಿದರೂ ಕಾರ್ಡಿನ ಮೇಲೆ 12 ವೋಲ್ಟು ನಿಂತೇ ಇರುತ್ತದೆ. ತಡವಾಗಿ ಹಚ್ಚಿದರೆ ಕಾರ್ಡು ಕಣ್ಣು ತೆರೆಯುವುದೇ ಇಲ್ಲ. ಎರಡೂ ಜೊತೆಯಲ್ಲಿ ಏಳಬೇಕು, ಜೊತೆಯಲ್ಲಿ ಮಲಗಬೇಕು. ಅದಕ್ಕೆಂದೇ ಎರಡರ ಹಸಿರು, ಕಪ್ಪು ತಂತಿಗಳನ್ನು ಸೇರಿಸುವ ಕೇಬಲ್ಲೂ, ರಿಲೇ ಇರುವ ಪುಟ್ಟ ಬೋರ್ಡೂ ಅಲ್ಪ ಬೆಲೆಗೆ ದೊರೆಯುತ್ತವೆ. ಕಪ್ಪು ತಂತಿಗಳು ಸೇರುವುದು ಅತ್ಯಗತ್ಯ. ಎರಡನೆಯ ಪೆಟ್ಟಿಗೆ ಮೇಜಿನ ಮೇಲೆ ಬೇರೆಯಾಗಿ ಬಿದ್ದಿದ್ದು, ಹಳೆಯ ಕಟ್ಟಡದ ಸಾಕೆಟ್ಟಿನಲ್ಲಿ ಅರ್ತಿಂಗೂ ಇಲ್ಲದಿದ್ದರೆ, ಹಿಂದಿರುಗುವ ವಿದ್ಯುತ್ತು ತನ್ನ ದಾರಿಯನ್ನು ಕಾರ್ಡಿನ ನಾಜೂಕಾದ ಭಾಗಗಳ ಮೂಲಕವೇ ಹುಡುಕಿಕೊಳ್ಳುವುದುಂಟು.

ಇನ್ನು ದುಡ್ಡಿನ ಮಾತು. ಆರ್‌ಟಿಎಕ್ಸ್ 3060 ಕಾರ್ಡು ತಿನ್ನುವುದು 170 ವ್ಯಾಟ್. ಅದಕ್ಕೆ 550 ವ್ಯಾಟಿನ ಒಂದು ಒಳ್ಳೆಯ ಪೆಟ್ಟಿಗೆ ಸಾಕೆಂದು ತಯಾರಕರೇ ಹೇಳಿದ್ದಾರೆ. ವಿದ್ಯಾರ್ಥಿವೇತನವನ್ನು ಕೂಡಿಟ್ಟು ಕಾರ್ಡು ಕೊಂಡವನು, ಅದರ ಬೆಲೆಯ ಒಂದು ಪಾಲನ್ನು ಪೆಟ್ಟಿಗೆಗೆಂದು ಮೊದಲೇ ಎತ್ತಿಡಲಿ. ಅಷ್ಟು ಕೈಯಲ್ಲಿಲ್ಲದಿದ್ದರೆ ಒಂದು ಮೆಟ್ಟಲು ಚಿಕ್ಕ ಕಾರ್ಡನ್ನು ಕೊಳ್ಳಲಿ. ಗುಜರಿ ಪೆಟ್ಟಿಗೆಯಲ್ಲಿ ಉಳಿಸಿದ ಕೆಲವು ನೂರು ರೂಪಾಯಿಗಳು ಕಾರ್ಡನ್ನೇ ಒತ್ತೆಯಿಟ್ಟು ಪಡೆದ ಸಾಲವಲ್ಲದೆ ಬೇರೆಯಲ್ಲ. 350 ವ್ಯಾಟಿನ ಕಾರ್ಡುಗಳನ್ನು ನಾಲ್ಕೈದು ಕೂಡಿಸಿ, ಕಂಪ್ಯೂಟರಿಗೆ ಕನ್ನಡದ ಮಾತು ಕಲಿಸಲು ಹೊರಟ ಪ್ರಯೋಗಶಾಲೆಗೆ ಎರಡು ಪೆಟ್ಟಿಗೆ ಬೇಕೆಂದರೆ ನನ್ನ ತಕರಾರಿಲ್ಲ. ಅವರು ಒಂದೇ ಕಂಪನಿಯ, ಒಂದೇ ಮಾದರಿಯ ಎರಡನ್ನು ಕೊಳ್ಳಲಿ. ಲೈನ್‌ಮನ್ನನ್ನು ಕರೆಸಿ ಅರ್ತಿಂಗು ನೋಡಿಸಲಿ.

ಗುಜರಿಯಿಂದ ತಂದುದನ್ನು ಏನು ಮಾಡುವುದೆಂದು ಕೇಳುವಿರಾದರೆ, ಕೆಟ್ಟುಹೋದ ಇನ್ನೊಂದು ಹಳೆಯ ಕಂಪ್ಯೂಟರಿಗೆ ಹಾಕಿ, ಅದು ಅಕ್ಷರ ಜೋಡಿಸುವುದಕ್ಕಾದರೂ ಆದೀತು. ಕುತೂಹಲಕ್ಕೆಂದು ಮುಚ್ಚಳವನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ಗು ಕಿತ್ತ ಮೇಲೆಯೂ ಒಳಗಿನ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟು ಸ್ವಲ್ಪ ಹೊತ್ತು ಅಡಗಿ ಕುಳಿತಿರಬಹುದು.