ಎಷ್ಟು ತೂತು ಅನ್ನೋದಲ್ಲ ಪ್ರಶ್ನೆ

ಆಪರೇಷನ್ ಆದವರನ್ನು ನೋಡಲು ಹೋದಾಗ ನಮ್ಮ ಜನ ಹಿಂದೆಲ್ಲ "ಎಷ್ಟು ಹೊಲಿಗೆ ಬಿದ್ದವು?" ಅಂತ ಕೇಳುತ್ತಿದ್ದರು. ಈಗ ಆ ಪ್ರಶ್ನೆ "ಎಷ್ಟು ತೂತು?" ಅಂತಾಗಿದೆ. ಮೂರು ಅಂದರೆ ಡಾಕ್ಟರು ಭಾರೀ ಹುಷಾರು. ನಾಲ್ಕು ಅಂದರೆ ಪರವಾಗಿಲ್ಲ. "ಇಲ್ಲಪ್ಪ, ಹೊಟ್ಟೆ ಕೊಯ್ಯಬೇಕಾಯ್ತು" ಅಂದಿರೋ, ತಗೊಳ್ಳಿ, ಕೇಳಿದವರ ಮುಖ ಸಾವಿನ ಮನೆಗೆ ಬಂದವರ ಹಾಗಾಗುತ್ತದೆ!

ನಾನು ಡಾಕ್ಟರಲ್ಲ. ಬ್ಯಾಂಕಿನಲ್ಲಿ ಲೆಕ್ಕ ನೋಡಿಕೊಂಡು ನಿವೃತ್ತನಾದವನು. ಆದರೆ ಮೂವತ್ತೈದು ವರ್ಷದಿಂದ ಡೊಂಬಿವಲಿಯಲ್ಲಿ ಮನೆ ಮಾಡಿಕೊಂಡಿರುವುದರಿಂದ, ಊರಿನಿಂದ ಮುಂಬಯಿಗೆ ಚಿಕಿತ್ಸೆಗೆ ಬರುವವರಿಗೆಲ್ಲ ನಮ್ಮ ಮನೆಯೇ ಧರ್ಮಶಾಲೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು, ಫೈಲು ಓದಿ ಓದಿ, ಡಾಕ್ಟರರನ್ನು ಪೀಡಿಸಿ ಪೀಡಿಸಿ ಒಂದಿಷ್ಟು ತಿಳಿದುಕೊಂಡಿದ್ದೇನೆ. ಈ "ದೂರ್‌ಬೀನ್ ಆಪರೇಷನ್" ವಿಚಾರದಲ್ಲಿ ನಮ್ಮವರ ಲೆಕ್ಕಾಚಾರ ತಪ್ಪುತ್ತಿದೆ ಅಂತ ನನಗೆ ಅನ್ನಿಸುತ್ತಿದೆ. ಅದಕ್ಕೇ ಈ ಬರಹ.

ಹೆಚ್ಚಿನವರಿಗೆ ಈ ಆಪರೇಷನ್ನಿನ ಪರಿಚಯವಾಗುವುದು ಪಿತ್ತಕೋಶದ ಕಲ್ಲಿನಿಂದ, ಹಾಗಾಗಿ ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಲಿವರ್ ಕೆಳಗೆ ಅಂಟಿಕೊಂಡಿರುವ ಪುಟ್ಟ ಚೀಲ ಈ ಪಿತ್ತಕೋಶ. ಕಲ್ಲು ತುಂಬಿ ನೋವು ಕೊಡತೊಡಗಿದರೆ ಕಲ್ಲನ್ನಷ್ಟೇ ಅಲ್ಲ, ಚೀಲವನ್ನೇ ತೆಗೆಯುತ್ತಾರೆ. ಹಿಂದೆ ಇದಕ್ಕೆ ಬಲಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ಯುತ್ತಿದ್ದರು. ಈಗ ಹೊಕ್ಕುಳದ ಹತ್ತಿರ ಸಣ್ಣ ತೂತು ಮಾಡಿ, ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಡೇರೆಯ ಹಾಗೆ ಮೇಲೆತ್ತುತ್ತಾರೆ. ಅದರೊಳಗೆ ಕ್ಯಾಮೆರಾ. ಇನ್ನು ಮೂರು ತೂತಿನಿಂದ ಉದ್ದನೆಯ ಸಲಕರಣೆಗಳು. ಪರದೆ ನೋಡುತ್ತ ಪಿತ್ತಕೋಶದ ನಾಳಕ್ಕೂ ರಕ್ತನಾಳಕ್ಕೂ ಕ್ಲಿಪ್ ಹಾಕಿ, ಕತ್ತರಿಸಿ, ಚೀಲವನ್ನು ಲಿವರಿನಿಂದ ಬಿಡಿಸಿ ಹೊರಗೆಳೆಯುತ್ತಾರೆ. ಆಪರೇಷನ್ ಆಗಿದ್ದು ಹೊಟ್ಟೆಗೆ, ಮರುದಿನ ನೋಯುವುದು ಹೆಗಲು! ಗಾಬರಿ ಬೇಡ. ಉಳಿದ ಗ್ಯಾಸು ವಪೆಯನ್ನು ಕೆಣಕಿದಾಗ ಆ ನೋವು ಹೆಗಲಲ್ಲಿ ಕಾಣಿಸುತ್ತದೆ. ಎರಡು ಮೂರು ದಿನದಲ್ಲಿ ತಾನೇ ಹೋಗುತ್ತದೆ.

1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಈ ರೀತಿ ಮೊದಲ ಬಾರಿ ಪಿತ್ತಕೋಶ ತೆಗೆದಾಗ ಅವರ ದೇಶದ ಸರ್ಜನ್‌ಗಳೇ ಗೇಲಿ ಮಾಡಿದ್ದರು. 1987ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಫಿಲಿಪ್ ಮೂರೆ ಮಾಡಿದರು. ಭಾರತದಲ್ಲಿ ಮೊದಲು ಆಗಿದ್ದು 1990ರಲ್ಲಿ, ನಮ್ಮ ಮುಂಬಯಿಯಲ್ಲೇ, ಡಾ. ತೆಹೆಮ್ಟನ್ ಉದ್ವಾಡಿಯಾ ಅವರ ಕೈಯಿಂದ. ಎಲ್ಲಿ ಗೊತ್ತೇ? ಪಂಚತಾರಾ ಆಸ್ಪತ್ರೆಯಲ್ಲಲ್ಲ, ಭಾಯಖಳಾದ ಸರಕಾರಿ ಜೆ.ಜೆ. ಆಸ್ಪತ್ರೆಯಲ್ಲಿ. 2023ರಲ್ಲಿ ತೀರಿಕೊಂಡ ಆ ಹಿರಿಯರನ್ನು ನೆನೆಯುವಾಗ ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಬೇಗ ಎದ್ದು ಕೆಲಸಕ್ಕೆ ಹೋಗಬೇಕಾದ ಗರಜು ಯಾರಿಗೆ ಹೆಚ್ಚು? ಸಂಬಳದ ರಜೆ ಇದ್ದ ನನ್ನಂಥವನಿಗೋ, ದಿನಗೂಲಿಯ ಹಮಾಲನಿಗೋ?

ಲಾಭ ನಿಜ, ಅದರಲ್ಲಿ ಎರಡು ಮಾತಿಲ್ಲ. ನೋವು ಕಡಿಮೆ, ಗಾಯ ಕೀವಾಗುವುದು ಕಡಿಮೆ, ಮುಂದೆ ಕೊಯ್ದ ಜಾಗದಲ್ಲಿ ಹರ್ನಿಯಾ ಆಗುವುದೂ ಕಡಿಮೆ. ಒಂದೆರಡು ದಿನದಲ್ಲಿ ಮನೆ, ಒಂದೆರಡು ವಾರದಲ್ಲಿ ಮತ್ತೆ ಲೋಕಲ್ ಟ್ರೈನಿನ ನೂಕುನುಗ್ಗಲು.

ಆದರೆ ಈ ಲಾಭವೆಲ್ಲ ತೂತಿನ ಮಹಿಮೆಯೇ? ಇಂಗ್ಲೆಂಡಿನ ಶೆಫೀಲ್ಡ್‌ನ ಸರ್ಜನ್‌ಗಳು ಒಂದು ಮಜವಾದ ಪರೀಕ್ಷೆ ಮಾಡಿದರು. ಇನ್ನೂರು ರೋಗಿಗಳಲ್ಲಿ ಕೆಲವರಿಗೆ ದೂರ್‌ಬೀನಿನಿಂದ, ಉಳಿದವರಿಗೆ ತೀರಾ ಸಣ್ಣದಾಗಿ ಕೊಯ್ದು ಪಿತ್ತಕೋಶ ತೆಗೆದರು. ಎಲ್ಲರ ಹೊಟ್ಟೆಗೂ ಒಂದೇ ಥರದ ಬ್ಯಾಂಡೇಜು! ಯಾರಿಗೆ ಯಾವುದಾಗಿದೆ ಅಂತ ರೋಗಿಗೂ ಗೊತ್ತಿಲ್ಲ, ನರ್ಸಿಗೂ ಗೊತ್ತಿಲ್ಲ. 1996ರಲ್ಲಿ ಫಲಿತಾಂಶ ಹೊರಬಂತು. ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಇಬ್ಬರಿಗೂ ವ್ಯತ್ಯಾಸವೇ ಇರಲಿಲ್ಲ. "ನಿಮ್ಮದು ದೊಡ್ಡ ಆಪರೇಷನ್, ಮಲಗಿರಿ" ಅಂದರೆ ನಾವು ಮಲಗುತ್ತೇವೆ, "ಸಣ್ಣ ತೂತು, ಏಳಿ" ಅಂದರೆ ಏಳುತ್ತೇವೆ. ಚೇತರಿಕೆಯಲ್ಲಿ ಒಂದು ಪಾಲು ಮನಸ್ಸಿನದೂ ಇದೆ ಅಂತ ನಾನು ಇದರಿಂದ ಅರ್ಥ ಮಾಡಿಕೊಂಡೆ.

ಈಗ ನಿಜವಾದ ಅಪಾಯಕ್ಕೆ ಬರೋಣ. ಅದು ಚರ್ಮದ ಮೇಲಿಲ್ಲ, ಒಳಗಿದೆ. ಪಿತ್ತಕೋಶದ ಸಣ್ಣ ನಾಳದ ಪಕ್ಕದಲ್ಲೇ ಲಿವರಿನಿಂದ ಕರುಳಿಗೆ ಹೋಗುವ ಮುಖ್ಯ ಪಿತ್ತನಾಳವಿದೆ. ಊತ ಬಂದು ಎಲ್ಲ ಅಂಟಿಕೊಂಡಾಗ ಅದೇ ಇದು ಅನ್ನಿಸಿಬಿಡಬಹುದು. ಹೊಟ್ಟೆ ತೆರೆದು ಮಾಡುತ್ತಿದ್ದ ಕಾಲದಲ್ಲಿ ಮುಖ್ಯ ನಾಳಕ್ಕೆ ಪೆಟ್ಟಾಗುತ್ತಿದ್ದುದು ಸಾವಿರಕ್ಕೆ ಒಬ್ಬಿಬ್ಬರಿಗೆ. ದೂರ್‌ಬೀನ್ ಬಂದ ಮೊದಲ ವರ್ಷಗಳಲ್ಲಿ ಅದು ಸಾವಿರಕ್ಕೆ ನಾಲ್ಕೈದಕ್ಕೆ ಏರಿತು. 2003ರಲ್ಲಿ ಅಮೆರಿಕದಲ್ಲಿ ಇಂಥ 252 ಪ್ರಕರಣಗಳನ್ನು ಕೆದಕಿ ನೋಡಿದಾಗ, ನೂರಕ್ಕೆ 97ರಲ್ಲಿ ಕಾರಣ ಕೈಚಳಕದ ಕೊರತೆಯಲ್ಲ, ಕಣ್ಣಿಗಾದ ಭ್ರಮೆ. ಸರ್ಜನ್ನಿಗೆ ತಾನು ಸರಿಯಾದ ನಾಳವನ್ನೇ ಕತ್ತರಿಸುತ್ತಿದ್ದೇನೆ ಅನ್ನುವ ಪೂರ್ತಿ ನಂಬಿಕೆ!

ಇದಕ್ಕೆ ಮದ್ದೂ ಇದೆ. 1995ರಲ್ಲಿ ಸ್ಟೀವನ್ ಸ್ಟ್ರಾಸ್‌ಬರ್ಗ್ ಎಂಬ ಸರ್ಜನ್ ಮತ್ತವರ ಸಂಗಡಿಗರು ಹೇಳಿದ ನಿಯಮ. ಅಲ್ಲಿಯ ಕೊಬ್ಬು, ಅಂಟು ಎಲ್ಲ ಬಿಡಿಸಿ ಚೊಕ್ಕ ಮಾಡಬೇಕು. ಪಿತ್ತಕೋಶದ ಕೆಳಭಾಗವನ್ನು ಲಿವರಿನಿಂದ ಬಿಡಿಸಿ ನೋಡಬೇಕು. ಪಿತ್ತಕೋಶಕ್ಕೆ ಸೇರುವುದು ಎರಡೇ ಎರಡು ನಾಳ ಅನ್ನುವುದು ಕಣ್ಣಿಗೆ ಕಾಣಬೇಕು. ಈ ಮೂರೂ ಆಗುವ ತನಕ ಕತ್ತರಿ ಆಡಿಸಬಾರದು. ಆಗದಿದ್ದರೆ? ಬೇರೆ ದಾರಿ ಹಿಡಿಯಬೇಕು. ಚೀಲದ ಸ್ವಲ್ಪ ಭಾಗ ಅಲ್ಲೇ ಬಿಟ್ಟು ಬರಬಹುದು, ಅಥವಾ ಹೊಟ್ಟೆ ತೆರೆಯಬಹುದು.

ನಮ್ಮ ಭಾವನವರಿಗೆ ಆಗಿದ್ದು ಇದೇ. ಗದಗದವರು, ಸಕ್ಕರೆ ಕಾಯಿಲೆ ಬೇರೆ. ಹೊಟ್ಟೆನೋವನ್ನು ಗ್ಯಾಸು ಅಂತ ಜೀರಿಗೆ ಕಷಾಯದಲ್ಲೇ ಎರಡು ವರ್ಷ ದೂಡಿದ್ದರು. ಆಪರೇಷನ್ ಶುರುವಾಗಿ ಮುಕ್ಕಾಲು ಗಂಟೆಗೆ ಡಾಕ್ಟರು ಹೊರಗೆ ಬಂದು, "ಒಳಗೆ ಎಲ್ಲ ಅಂಟಿಕೊಂಡಿದೆ. ಯಾವ ನಾಳ ಯಾವುದು ಅಂತ ನನಗೆ ಸರಿಯಾಗಿ ಕಾಣುತ್ತಿಲ್ಲ. ಕಾಣದೆ ನಾನು ಕತ್ತರಿಸುವುದಿಲ್ಲ. ಹೊಟ್ಟೆ ತೆರೆಯುತ್ತೇನೆ" ಅಂದರು. ತೆರೆದರು, ತೆಗೆದರು. ಒಂದು ವಾರ ಆಸ್ಪತ್ರೆಯಾಯಿತು ನಿಜ. ಭಾವನವರ ಅಣ್ಣ ಗದಗದಿಂದ ಫೋನ್ ಮಾಡಿ, "ಏನ್ರೀ, ನಾಕ ತೂತಿನಾಗ ಆಗೂ ಕೆಲಸಕ್ಕ ಹೊಟ್ಟಿ ಕೊಯ್ದಾರಲ್ರೀ! ಇದಕ್ಕ ಮುಂಬೈತನಕ ಬರಬೇಕಿತ್ತೇನ್ರೀ?" ಅಂತ ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಊರಲ್ಲಿ ಆ ಡಾಕ್ಟರಿಗೆ ಇಂದಿಗೂ "ಕೈ ಸೋತವ" ಅನ್ನುವ ಹೆಸರು.

ಇನ್ನೊಬ್ಬರು ನಮ್ಮ ಸಂಘದ ಪರಿಚಯದವರು, ಬೇರೊಂದು ನರ್ಸಿಂಗ್ ಹೋಮಿನಲ್ಲಿ ಮಾಡಿಸಿಕೊಂಡವರು. ಮೂರೇ ತೂತು, ಮರುದಿನವೇ ಮನೆ, ಎಲ್ಲರ ಬಾಯಲ್ಲೂ ಹೊಗಳಿಕೆ. ನಾಲ್ಕನೇ ದಿನಕ್ಕೆ ಜ್ವರ, ಕಣ್ಣು ಹಳದಿ. ಮುಖ್ಯ ಪಿತ್ತನಾಳವೇ ತುಂಡಾಗಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಕರುಳನ್ನೇ ಎಳೆದು ಲಿವರಿನ ನಾಳಕ್ಕೆ ಜೋಡಿಸಿದರು. ಆರು ತಿಂಗಳು ಮನೆಯಲ್ಲಿ, ಮಗಳ ಮದುವೆಗೆ ಕೂಡಿಟ್ಟ ದುಡ್ಡು ಆಸ್ಪತ್ರೆಯ ಕೌಂಟರಿನಲ್ಲಿ.

ಈಗ ಹೇಳಿ, ಈ ಇಬ್ಬರಲ್ಲಿ ಯಾರ ಆಪರೇಷನ್ ಚೆನ್ನಾಗಿ ಆಯಿತು?

ಬರೀ ಪಿತ್ತಕೋಶದ ಮಾತಲ್ಲ ಇದು. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ 872 ರೋಗಿಗಳ ಪರೀಕ್ಷೆ 2004ರಲ್ಲಿ ಹೊರಬಂದಾಗ, ಮೂರು ವರ್ಷದಲ್ಲಿ ರೋಗ ಮರುಕಳಿಸಿದ್ದು ದೂರ್‌ಬೀನಿನಲ್ಲಿ ನೂರಕ್ಕೆ 16, ತೆರೆದು ಮಾಡಿದವರಲ್ಲಿ 18. ಅಂದರೆ ಹೆಚ್ಚುಕಡಿಮೆ ಒಂದೇ, ಹಾಗಾಗಿ ಧೈರ್ಯವಾಗಿ ಮಾಡಿಸಬಹುದು. ಆದರೆ ಗರ್ಭಕಂಠದ ಕ್ಯಾನ್ಸರಿನಲ್ಲಿ 2018ರ ಪರೀಕ್ಷೆ ಎಲ್ಲರನ್ನೂ ಬೆಚ್ಚಿಬೀಳಿಸಿತು. ನಾಲ್ಕೂವರೆ ವರ್ಷದ ನಂತರ ರೋಗವಿಲ್ಲದೆ ಬದುಕಿದ್ದವರು, ಹೊಟ್ಟೆ ತೆರೆದವರಲ್ಲಿ ನೂರಕ್ಕೆ 96.5, ತೂತಿನಿಂದ ಮಾಡಿದವರಲ್ಲಿ 86. ಅದೇ ಕ್ಯಾಮೆರಾ, ಅದೇ ಗ್ಯಾಸು. ಒಂದು ರೋಗಕ್ಕೆ ಒಪ್ಪಿದ್ದು ಇನ್ನೊಂದಕ್ಕೆ ಒಪ್ಪಲಿಲ್ಲ. ಇನ್ನು ರೋಬೋಟ್! ಈಗ ಜಾಹೀರಾತೆಲ್ಲ ಅದರದೇ. ಅಮೆರಿಕದ ಮೆಡಿಕೇರ್ ವಿಮೆಯ ಹತ್ತು ಲಕ್ಷಕ್ಕೂ ಮೀರಿದ ಪಿತ್ತಕೋಶದ ಆಪರೇಷನ್‌ಗಳನ್ನು ತಾಳೆ ಹಾಕಿದ 2023ರ ಲೆಕ್ಕದಲ್ಲಿ, ಮತ್ತೆ ದುರಸ್ತಿ ಬೇಕಾಗುವಂಥ ಪಿತ್ತನಾಳದ ಪೆಟ್ಟು ಮಾಮೂಲಿ ದೂರ್‌ಬೀನಿನಲ್ಲಿ ನೂರಕ್ಕೆ 0.2, ರೋಬೋಟಿನಲ್ಲಿ 0.7. ಯಂತ್ರ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹೊಸದು, ದುಬಾರಿ ಅಂದ ಮಾತ್ರಕ್ಕೆ ಕ್ಷೇಮ ಅಂತ ತಿಳಿಯಬೇಡಿ ಅನ್ನುತ್ತಿದ್ದೇನೆ.

ನನ್ನ ಭಯ ಇಷ್ಟೇ. ಹೊಟ್ಟೆ ಕೊಯ್ದ ಡಾಕ್ಟರನ್ನು ಸೋತವನು ಅಂತ ನಾವು ಹೀಗೇ ಆಡಿಕೊಳ್ಳುತ್ತಿದ್ದರೆ, ನಾಳೆ ಕಾಣದಿದ್ದರೂ "ನೋಡೋಣ" ಅಂತ ಮುಂದುವರಿಯುವ ಡಾಕ್ಟರೇ ನಮಗೆ ಸಿಗುತ್ತಾನೆ. ಅವನನ್ನು ಹಾಗೆ ಮಾಡಿದವರು ನಾವೇ ಆಗಿರುತ್ತೇವೆ. ಇಲ್ಲಿಯ ಸಣ್ಣ ನರ್ಸಿಂಗ್ ಹೋಮು ನಡೆಯುವುದೇ ಬಾಯಿಮಾತಿನ ಹೆಸರಿನ ಮೇಲೆ ಅನ್ನುವುದು ನಿಮಗೂ ಗೊತ್ತು.

ಹಾಗಾಗಿ ಮುಂದಿನ ಸಲ ಊರಿನಿಂದ ಯಾರಾದರೂ ಫೈಲು ಹಿಡಿದು ಬಂದಾಗ ಡಾಕ್ಟರಿಗೆ ಈ ಪ್ರಶ್ನೆಗಳನ್ನು ಕೇಳಿ. ಈ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ? ಅದರಲ್ಲಿ ಹೊಟ್ಟೆ ತೆರೆಯಬೇಕಾಗಿ ಬಂದದ್ದು ಎಷ್ಟು ಸಲ? ಯಾವಾಗ ತೆರೆಯುತ್ತೀರಿ? "ನನಗೆ ಒಂದೂ ಬಂದಿಲ್ಲ" ಅಂತ ಎದೆ ತಟ್ಟಿಕೊಳ್ಳುವವರಿಗಿಂತ, ಯಾವಾಗ ತೆರೆಯುತ್ತೇನೆ ಅಂತ ಬಿಡಿಸಿ ಹೇಳುವವರನ್ನು ನಾನಂತೂ ನಂಬುತ್ತೇನೆ. ಮತ್ತೆ, ಪಿತ್ತಕೋಶ ಬಾತು ನೋವು ಜ್ವರ ಬಂದರೆ "ಶ್ರಾವಣ ಮುಗೀಲಿ", "ಅಮಾವಾಸ್ಯೆ ಕಳೀಲಿ" ಅಂತ ಮುಂದೂಡಬೇಡಿ. ರೋಗಿ ಅರಿವಳಿಕೆ ತಡೆದುಕೊಳ್ಳುವ ಹಾಗಿದ್ದರೆ ಮೊದಲ ಕೆಲವೇ ದಿನಗಳಲ್ಲಿ ಮಾಡಿಸುವುದೇ ಮೇಲು. ಮತ್ತೆ ಮತ್ತೆ ಬಾತು ಗಟ್ಟಿಯಾಗಿ ಅಂಟಿಕೊಂಡ ಮೇಲೆ ಎಂಥ ನಿಪುಣನಿಗೂ ಕಷ್ಟ.

ಆಪರೇಷನ್ ಮುಗಿಸಿ ಮನೆಗೆ ಬಂದವರಿಗೂ ಒಂದು ಮಾತು. ನೋವು ದಿನೇ ದಿನೇ ಇಳಿಯಬೇಕು. ಏರಿದರೆ, ಜ್ವರ ಬಂದರೆ, ಹೊಟ್ಟೆ ಉಬ್ಬಿದರೆ, ಕಣ್ಣು ಹಳದಿಯಾದರೆ ಅದೇ ದಿನ ವಾಪಸು ಹೋಗಿ. ಡಿಸ್ಚಾರ್ಜ್ ಆಯ್ತಲ್ಲ ಅಂತ ಸುಮ್ಮನೆ ಕೂರಬೇಡಿ.

ಭಾವನವರ ಹೊಟ್ಟೆಯ ಮೇಲೆ ಒಂದು ಗೇಣು ಉದ್ದದ ಕಲೆ ಇದೆ. ನನ್ನ ಪ್ರಕಾರ ಅದು ಒಬ್ಬ ಪ್ರಾಮಾಣಿಕ ಡಾಕ್ಟರರ ಸಹಿ. ನಿಮ್ಮ ಕಡೆಯ ಅನುಭವ ಹೇಗಿದೆ? ಬರೆದು ತಿಳಿಸಿ.